ಸರ್ವರ್ ಕೆಲಸಕ್ಕೆ ಯಾವ ಎಡಿಟರ್ ಕಲೀಬೇಕು: ನ್ಯಾನೋನಾ, ವಿಮ್ಮಾ, ಇಮ್ಯಾಕ್ಸಾ?

ಹಾಸನದಲ್ಲಿ ಬಿಇ ಕೊನೇ ವರ್ಷ, ಇಂಟರ್ನ್‌ಶಿಪ್‌ನಲ್ಲಿ ಎಸ್‌ಎಸ್‌ಎಚ್ (ದೂರದ ಮೆಷಿನ್‌ಗೆ ಲಾಗಿನ್ ಆಗೋ ದಾರಿ) ಮೂಲಕ ಸರ್ವರ್‌ಗೆ ಹೋಗಿ ಕಾನ್ಫಿಗ್ ಫೈಲ್ ತಿದ್ದಬೇಕು, ಟರ್ಮಿನಲ್‌ನಲ್ಲಿ ಫೈಲ್ ತಿದ್ದೋ ಈ ಮೂರು ಎಡಿಟರ್‌ಗಳಲ್ಲಿ ಒಂದನ್ನು ಕಲಿಯೋಕಷ್ಟೇ ಪುರುಸೊತ್ತಿದೆ ಅಂತ ಕೇಳಿದ್ದೀರಿ. ನಾನು ಚಿಕ್ಕಮಗಳೂರಿನಲ್ಲಿ ಮನೆಯಿಂದಲೇ ಇದೇ ಕೆಲಸ ಮಾಡೋನು. ನಾಳೆ ಬೆಳಿಗ್ಗೆಯೇ ಕೆಲಸ ಆಗಬೇಕು ಅಂದ್ರೆ ನ್ಯಾನೋ ಬಳಸಿ, ಅದರಲ್ಲಿ ನಾಚಿಕೆ ಏನೂ ಬೇಡ. ಕೂತು ಕಲಿಯೋದಾದ್ರೆ ವಿಮ್ ಕಲೀರಿ, ಅದೂ ವಿಮ್‌ಗೆ ಮೂಲವಾದ ಹಳೇ ವಿಐನಲ್ಲಿ ಇದ್ದಷ್ಟು ಮಾತ್ರ.

ನ್ಯಾನೋ ಕಲಿಯೋಕೆ ಐದು ನಿಮಿಷ ಸಾಕು. ಶಾರ್ಟ್‌ಕಟ್‌ಗಳೆಲ್ಲ ಪರದೆಯ ಕೆಳಗೇ ಬರೆದಿರುತ್ತೆ; ಟೋಪಿ ಗುರುತು (^) ಅಂದ್ರೆ ಕಂಟ್ರೋಲ್, ಎಂ ಅಂದ್ರೆ ಆಲ್ಟ್. ಕಂಟ್ರೋಲ್ ಓ ಒತ್ತಿ ಎಂಟರ್ ಕೊಟ್ರೆ ಸೇವ್, ಕಂಟ್ರೋಲ್ ಎಕ್ಸ್ ಅಂದ್ರೆ ಹೊರಗೆ.

ಮತ್ಯಾಕೆ ವಿಮ್? ನೀವು ತಿದ್ದೋ ಮೆಷಿನ್ ನಿಮ್ಮದಲ್ಲ, ಅದಕ್ಕೆ. ಅಲ್ಲಿ ನ್ಯಾನೋ ಇಲ್ಲದೇ ಇರಬಹುದು, ಹಾಕ್ಕೊಳ್ಳೋಕೆ ರೂಟ್ (ಅಡ್ಮಿನ್) ಪರ್ಮಿಶನ್ನೂ ಇರಲ್ಲ. ವಿಐ ಆದ್ರೆ, ಯುನಿಕ್ಸ್ ಥರದ ಸಿಸ್ಟಮ್‌ಗಳಿಗೆ ಇರೋ ಪಾಸಿಕ್ಸ್ ಸ್ಟ್ಯಾಂಡರ್ಡ್‌ನಲ್ಲೇ ಇದೆ. ರೂಟರ್‌ನಂಥ ಸಣ್ಣ ಸಾಧನಗಳಲ್ಲಿರೋ ಬಿಸಿಬಾಕ್ಸ್ ಅನ್ನೋ ಕಮಾಂಡ್‌ಗಳ ಕಟ್ಟಿನಲ್ಲೂ ಒಂದು ಪುಟ್ಟ ವಿಐ ಸಿಗುತ್ತೆ. (ಆ್ಯಪ್‌ಗಳನ್ನ ಪ್ರತ್ಯೇಕವಾಗಿ ಓಡಿಸೋ ಡಾಕರ್ ಕಂಟೇನರ್ ಮಾತು ಬಿಡಿ, ಎಷ್ಟೋ ಇಮೇಜ್‌ಗಳಲ್ಲಿ ಯಾವ ಎಡಿಟರ್ರೂ ಇರಲ್ಲ.)

ಇನ್ನೊಂದು ಕಾರಣ ನಮ್ಮ ಕಡೆಯವರಿಗೆ ಬೇಗ ಅರ್ಥ ಆಗುತ್ತೆ. ಬಿಲ್ ಜಾಯ್ ಅನ್ನೋ ಪ್ರೋಗ್ರಾಮರ್ 1976ರ ಹೊತ್ತಿಗೆ ವಿಐ ಬರೆದಾಗ ಕೆಲಸ ನಡೀತಿದ್ದದ್ದು ತೀರಾ ನಿಧಾನದ ಮೋಡೆಮ್ ಮೇಲೆ. ಅವರ ಎಡಿಎಂ-3ಎ ಟರ್ಮಿನಲ್‌ನಲ್ಲಿ ಬಾಣದ ಕೀಗಳೇ ಪ್ರತ್ಯೇಕವಾಗಿ ಇರಲಿಲ್ಲ. ಎಚ್, ಜೆ, ಕೆ, ಎಲ್ ಕೀಗಳ ಮೇಲೇ ಬಾಣ ಅಚ್ಚಾಗಿತ್ತು. ಲೈನ್ ಅಷ್ಟು ನಿಧಾನ ಅಂತಲೇ ಕಮಾಂಡ್‌ಗಳು ಒಂದೆರಡು ಅಕ್ಷರದವು. ಜುಲೈ ಮಳೇಲಿ ನೆಟ್‌ವರ್ಕ್ ಎಳೆದಾಡುವಾಗ ಬಾಣದ ಕೀ ಒತ್ತಿ ಹಿಡಿದ್ರೆ ಕರ್ಸರ್ ಮೊದಲು ಅಲ್ಲಾಡಲ್ಲ, ಆಮೇಲೆ ಒಮ್ಮೆಲೇ ಎಲ್ಲೋ ಹೋಗಿ ನಿಲ್ಲುತ್ತೆ. ವಿಮ್‌ನಲ್ಲಿ ಎಂಜಿನ್‌ಎಕ್ಸ್ ಅನ್ನೋ ವೆಬ್ ಸರ್ವರ್‌ನ ಪೋರ್ಟ್ ಬದಲಾಯಿಸಬೇಕಾ? ಸ್ಲ್ಯಾಶ್ ಹಾಕಿ ಲಿಸನ್ ಅಂತ ಹೊಡೆದು ಎಂಟರ್ ಕೊಡಿ, ನೇರ ಆ ಸಾಲಿಗೇ ಹೋಗುತ್ತೆ. ಡಬ್ಲ್ಯೂ ಒತ್ತಿದ್ರೆ ಕರ್ಸರ್ ಈಗಿನ ಪೋರ್ಟ್ 80ರ ಮೇಲೆ. ಸಿ ಡಬ್ಲ್ಯೂ ಒತ್ತಿ 8080 ಹೊಡೆದು ಎಸ್ಕೇಪ್. ಮುಂದಿನ ಲಿಸನ್‌ಗೆ ಎನ್, ಮತ್ತೆ ಡಬ್ಲ್ಯೂ, ಆಮೇಲೆ ಬರೀ ಚುಕ್ಕಿ ಕೀ ಒತ್ತಿ: ಅದೇ ಬದಲಾವಣೆ ಅಲ್ಲೂ ಆಗುತ್ತೆ. ಪರದೆ ತಡವಾಗಿ ಬಂದ್ರೂ ಕೈ ತಪ್ಪಲ್ಲ.

ಶುರುವಿಗೆ ಇಷ್ಟಿದ್ರೆ ಸಾಕು: ಬರೆಯೋಕೆ ಐ, ನಿಲ್ಲಿಸೋಕೆ ಎಸ್ಕೇಪ್, ಸಾಲು ಅಳಿಸೋಕೆ ಡಿ ಡಿ, ಅನ್‌ಡೂಗೆ ಯು. ಸೇವ್ ಮಾಡಿ ಹೊರಬರೋಕೆ ಕೋಲನ್ ಡಬ್ಲ್ಯೂ ಕ್ಯೂ, ಎಲ್ಲಾ ಬಿಟ್ಟು ಓಡೋಕೆ ಕೋಲನ್ ಕ್ಯೂ ಆಶ್ಚರ್ಯಚಿಹ್ನೆ. ಹೊರಬರೋದು ಗೊತ್ತಾಗದೆ ಒದ್ದಾಡೋರು ನೀವೊಬ್ಬರೇ ಅಲ್ಲ. ಸ್ಟಾಕ್ ಓವರ್‌ಫ್ಲೋದಲ್ಲಿ ಆ ಪ್ರಶ್ನೆಯನ್ನ 2017ರ ಹೊತ್ತಿಗೇ ಹತ್ತು ಲಕ್ಷಕ್ಕಿಂತ ಹೆಚ್ಚು ಸಲ ನೋಡಿದ್ರು. ಅಭ್ಯಾಸಬಲದಿಂದ ಕಂಟ್ರೋಲ್ ಜೆಡ್ ಒತ್ತಿ ವಿಮ್ ಮಾಯ ಆದ್ರೆ ಗಾಬರಿ ಬೇಡ, ಎಫ್ ಜಿ ಅಂತ ಹೊಡೀರಿ, ವಾಪಸ್ ಬರುತ್ತೆ. ಕಂಟ್ರೋಲ್ ಎಸ್ ಒತ್ತಿ ಟರ್ಮಿನಲ್ಲೇ ಅಲ್ಲಾಡದೆ ನಿಂತ್ರೆ ಕಂಟ್ರೋಲ್ ಕ್ಯೂ.

ಕಲಿಯೋಕೆ ಯೂಟ್ಯೂಬ್ ಬೇಡ. ಲ್ಯಾಪ್‌ಟಾಪ್‌ನಲ್ಲಿ ಪೂರ್ತಿ ವಿಮ್ ಹಾಕ್ಕೊಂಡು ಟರ್ಮಿನಲ್‌ನಲ್ಲಿ ವಿಮ್‌ಟ್ಯೂಟರ್ ಅಂತ ಹೊಡೀರಿ, ಅರ್ಧ ಗಂಟೆಯ ಪಾಠ. ಬೇರೆಯವರ ಪ್ಲಗಿನ್ನು, ಕಾನ್ಫಿಗ್ಗು ತಂದು ತುಂಬಿಕೊಳ್ಳಬೇಡಿ, ಸರ್ವರ್‌ನಲ್ಲಿ ಅದ್ಯಾವುದೂ ಇರಲ್ಲ.

ಇಮ್ಯಾಕ್ಸ್ ಬಗ್ಗೆ ನನಗೆ ಗೌರವ ಇದೆ. ಅದರಲ್ಲೇ ಇರೋ ಟ್ರ್ಯಾಂಪ್ ಅನ್ನೋ ಸೌಲಭ್ಯ ಬಳಸಿದ್ರೆ ನಿಮ್ಮ ಲ್ಯಾಪ್‌ಟಾಪ್‌ನ ಇಮ್ಯಾಕ್ಸಿನಿಂದಲೇ ಸರ್ವರ್ ಫೈಲ್ ತಿದ್ದಬಹುದು. ಆದ್ರೆ ಪಕ್ಕದಲ್ಲಿ ಕೂತು ತೋರಿಸೋರು ಇಲ್ಲದಿದ್ರೆ ಈಗ ಬೇಡ. ಸಾಲಿನ ಶುರುವಿಗೆ ಹೋಗೋ ಅದರ ಕಂಟ್ರೋಲ್ ಎ, ಕೊನೆಗೆ ಹೋಗೋ ಕಂಟ್ರೋಲ್ ಇ ಹೆಂಗೂ ಬ್ಯಾಶ್‌ನಲ್ಲೇ (ಟರ್ಮಿನಲ್‌ನಲ್ಲಿ ಕಮಾಂಡ್ ಹೊಡೆಯೋ ಶೆಲ್) ಅಭ್ಯಾಸ ಆಗುತ್ತೆ. ಅಂದಹಾಗೆ ಕನ್ನಡ ಪಠ್ಯ ತಿದ್ದೋದಾದ್ರೆ ಈ ಮೂರೂ ಟರ್ಮಿನಲ್‌ನಲ್ಲಿ ಸತಾಯಿಸುತ್ತವೆ: ಎಷ್ಟೋ ಟರ್ಮಿನಲ್‌ಗಳಲ್ಲಿ ಒತ್ತಕ್ಷರ ಒಡೆದು ಕಾಣುತ್ತೆ, ಕರ್ಸರ್ ಒಂದು ಕಡೆ, ಅಕ್ಷರ ಇನ್ನೊಂದು ಕಡೆ. ಅಂಥ ಫೈಲನ್ನ ಹೊರಗೆ ತಿದ್ದಿ ಕಳಿಸಿ.

ಕರೆಂಟ್ ಹೋಗಿ ಕನೆಕ್ಷನ್ ಕಡಿದ್ರೆ, ಮತ್ತೆ ಅದೇ ಫೈಲ್ ತೆಗೆದಾಗ ವಿಮ್ ಸ್ವಾಪ್ ಫೈಲ್ (ಸೇವ್ ಆಗದ ಬದಲಾವಣೆ ಇಟ್ಟಿರೋ ಫೈಲ್) ಇದೆ ಅಂತ ಎಚ್ಚರಿಸುತ್ತೆ. ಆರ್ ಒತ್ತಿ ವಾಪಸ್ ತಗೊಂಡು, ಸರಿಯಾಗಿದೆಯಾ ನೋಡಿ ಸೇವ್ ಮಾಡಿ, ಆಮೇಲೆ ಆ ಸ್ವಾಪ್ ಫೈಲ್ ಅಳಿಸಿ. ಇಲ್ಲದಿದ್ರೆ ಪ್ರತಿ ಸಲ ಅದೇ ಎಚ್ಚರಿಕೆ. ಸರ್ವರ್‌ನಲ್ಲಿ ಟಿಮಕ್ಸ್ (ಕನೆಕ್ಷನ್ ಕಡಿದ್ರೂ ಒಳಗಿನ ಕೆಲಸ ಹಾಗೇ ಇಟ್ಟುಕೊಳ್ಳೋ ಪ್ರೋಗ್ರಾಂ) ಇದ್ರೆ ಮೊದಲು ಅದನ್ನ ಶುರು ಮಾಡಿ, ಒಳಗೆ ಎಡಿಟರ್ ತೆಗೀರಿ. ಕರೆಂಟ್ ಬಂದಮೇಲೆ ಲಾಗಿನ್ ಆಗಿ ಟಿಮಕ್ಸ್ ಅಟ್ಯಾಚ್ ಅಂದ್ರೆ ಬಿಟ್ಟ ಸಾಲಿನಲ್ಲೇ ಇರ್ತೀರಿ.