ಜೀನ್ ರಿಪೋರ್ಟಿನಲ್ಲಿ ಎಂಸಿ4ಆರ್ ಬಂದಿದೆ, ಇನ್ನು ಮಗನ ಪಥ್ಯ ಬಿಟ್ಟುಬಿಡಬಹುದೇ?

ಅಕ್ಕಾ, ಕುಮಟಾದಿಂದ ನೀವು ಬರೆದಿದ್ದು ಇಷ್ಟು: ಮಾಣಿಗೆ 14 ವರ್ಷ, ಎತ್ತರ 162 ಸೆಂ.ಮೀ., ತೂಕ 82 ಕಿಲೋ. ಗಂಡನ ಕಡೆಯವರೆಲ್ಲ ದಪ್ಪ. ಆನ್‌ಲೈನಿನಲ್ಲಿ ತರಿಸಿದ ಜೊಲ್ಲಿನ ಟೆಸ್ಟಿನಲ್ಲಿ 'ಎಂಸಿ4ಆರ್, ಎರಡು ಪ್ರತಿ, ಅಪಾಯ ಹೆಚ್ಚು' ಎಂದು ಬಂದಿದೆ. ಎಂಸಿ4ಆರ್ ಅಂದರೆ ಹಸಿವಿಗೆ ಲಗಾಮು ಹಾಕುವ ಒಂದು ಜೀನು. ಇನ್ನು ಪಥ್ಯ ಅಂತ ಅವನನ್ನು ಯಾಕೆ ಗೋಳು ಹೊಯ್ದುಕೊಳ್ಳಬೇಕು ಎಂಬುದು ಪ್ರಶ್ನೆ. 'ಮನೆತನದ ಮೈಕಟ್ಟು' ಎಂಬ ಮಾತು ಕೇಳುತ್ತಲೇ ಶಿರಸಿಯಲ್ಲಿ ಬೆಳೆದವಳು ನಾನು, ಈಗ ಮಕ್ಕಳ ಹಾರ್ಮೋನ್ ವಿಭಾಗದಲ್ಲಿ ಕೆಲಸ. ಪಥ್ಯ ಬಿಡಬೇಡಿ. ನೀವು ಅಂದುಕೊಂಡಿದ್ದನ್ನು ಆ ರಿಪೋರ್ಟು ಹೇಳುತ್ತಲೇ ಇಲ್ಲ.

ನೀವು ಹಾಕಿದ ಫೋಟೋದಲ್ಲಿ ಸಣ್ಣ ಅಕ್ಷರದಲ್ಲಿ ಆರ್‌ಎಸ್17782313 ಎಂದಿದೆ, ನೋಡಿ. ಅದು ಡಿಎನ್ಎಯಲ್ಲಿನ ಒಂದು ಅಕ್ಷರದ ವ್ಯತ್ಯಾಸದ ಗುರುತು ಸಂಖ್ಯೆ. ಎಲ್ಲರೂ ಎಡವುವುದು ಇಲ್ಲೇ. ಈ ವ್ಯತ್ಯಾಸ ಇರುವುದು ಎಂಸಿ4ಆರ್ ಜೀನಿನ ಒಳಗಲ್ಲ. 18ನೇ ಕ್ರೋಮೋಸೋಮಿನಲ್ಲಿ ಆ ಜೀನಿನಿಂದ ಸುಮಾರು 1,88,000 ಡಿಎನ್ಎ ಅಕ್ಷರ ದೂರದಲ್ಲಿ. ಹತ್ತಿರದ ಜೀನು ಅದೇ ಆದ್ದರಿಂದ ಹೆಸರು ಅದರದ್ದು ಹಾಕುತ್ತಾರೆ, ಅಷ್ಟೆ. ಆ ಜೀನು ತಯಾರಿಸುವ ರಿಸೆಪ್ಟರಿನ (ಹಾರ್ಮೋನಿನ ಸಂದೇಶ ಹಿಡಿಯುವ ಪ್ರೊಟೀನಿನ) ರಚನೆಯಲ್ಲಿ ಇದರಿಂದ ಒಂದು ಅಮೈನೋ ಆಮ್ಲವೂ ಬದಲಾಗುವುದಿಲ್ಲ. 2008ರಲ್ಲಿ ಇದನ್ನು ಗುರುತಿಸಿದಾಗ ಸಿಕ್ಕ ಪರಿಣಾಮ ದೊಡ್ಡವರಲ್ಲಿ ಒಂದು ಪ್ರತಿಗೆ ಬಿಎಂಐಯಲ್ಲಿ (ಕಿಲೋ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದ ಸಂಖ್ಯೆಯಲ್ಲಿ) 0.2ರಷ್ಟು, ಮಕ್ಕಳಲ್ಲಿ ಅದರ ಎರಡರಷ್ಟು. ಮಕ್ಕಳ ಲೆಕ್ಕವನ್ನೇ ಹಿಡಿದು ನಿಮ್ಮ ಮಗನಿಗೆ ಹಾಕಿ: ಎರಡು ಪ್ರತಿಗೆ 0.8, ಅದನ್ನು 1.62ರ ವರ್ಗದಿಂದ ಗುಣಿಸಿದರೆ ಎರಡು ಕಿಲೋ ಚಿಲ್ಲರೆ. 82 ಕಿಲೋದಲ್ಲಿ ಈ ವ್ಯತ್ಯಾಸದ ಪಾಲು ಅಷ್ಟು. ಅದನ್ನು ನಂಬಿ ಊಟದ ಲೆಕ್ಕ ಬಿಟ್ಟರೆ ಬೆಳೆಯುವ ವಯಸ್ಸಿನ ಅಮೂಲ್ಯ ಎರಡು ಮೂರು ವರ್ಷ ಕೈತಪ್ಪುತ್ತದೆ.

ನಿಜವಾಗಿ ರಿಸೆಪ್ಟರೇ ಕೆಟ್ಟರೆ ಕತೆ ಬೇರೆ. ಕೊಬ್ಬಿನ ಕೋಶಗಳು ಲೆಪ್ಟಿನ್ ಹಾರ್ಮೋನು ಬಿಡುತ್ತವೆ, ಅದು ಮೆದುಳಿನ ಹೈಪೋಥಲಾಮಸ್ಸಿನಲ್ಲಿ ತನ್ನ ರಿಸೆಪ್ಟರಿಗೆ ಅಂಟುತ್ತದೆ, ಅಲ್ಲಿಂದ ಹೊರಟ ಇನ್ನೊಂದು ಹಾರ್ಮೋನು ಎಂಸಿ4ಆರ್ ತಟ್ಟಿದಾಗ 'ಹೊಟ್ಟೆ ತುಂಬಿತು' ಅನಿಸುತ್ತದೆ. ಈ ಸರಪಣಿ ಕಡಿದರೆ, ಟ್ಯಾಂಕು ತುಂಬಿ ಹರಿದರೂ ಪಂಪು ನಿಲ್ಲದ ಹಾಗೆ. 1997ರಲ್ಲಿ ಇಂಗ್ಲೆಂಡಿನಲ್ಲಿ ಒಂದೇ ಕುಟುಂಬದ ಇಬ್ಬರು ಮಕ್ಕಳಲ್ಲಿ ಲೆಪ್ಟಿನ್ನೇ ಇಲ್ಲದ್ದು ಪತ್ತೆಯಾಯಿತು: 8 ವರ್ಷದ ಹುಡುಗಿ 86 ಕಿಲೋ, 2 ವರ್ಷದ ಹುಡುಗ 29 ಕಿಲೋ. ವಯಸ್ಸು ಗಮನಿಸಿ. ಇಂಥ ದೋಷ ಹೈಸ್ಕೂಲಿಗೆ ಹೋಗುವ ತನಕ ಕಾಯುವುದಿಲ್ಲ. ಊಟ ಮುಗಿದ ತಕ್ಷಣ ಮತ್ತೆ ಬೇಕೆಂದು ಮಗು ಅಳುತ್ತದೆ, ಬೀಗ ಹಾಕಿದ ಕಪಾಟು ಒಡೆಯುತ್ತದೆ.

ಆದ್ದರಿಂದ ಮೊದಲು ಹುಡುಕಬೇಕಾದ್ದು ಮಾಣಿಯ ತಾಯಿ ಕಾರ್ಡ್. ಅಂಗನವಾಡಿಯ ತೂಕದ ಚಾರ್ಟ್ ಇದ್ದರೆ ಇನ್ನೂ ಒಳ್ಳೆಯದು. ತೂಕ 5 ವರ್ಷದ ಒಳಗೇ ಗೆರೆ ದಾಟಿ ಏರಿದ್ದು, ಜೊತೆಗೆ ತಡೆಯಲಾಗದ ಹಸಿವೂ ಇದ್ದರೆ ಜೀನ್ ಪರೀಕ್ಷೆಗೆ ಅರ್ಥವಿದೆ. ಆಗ ಜೊಲ್ಲಿನ ಚಿಪ್ ಟೆಸ್ಟ್ ಅಲ್ಲ, ಎಂಸಿ4ಆರ್, ಲೆಪ್ಟಿನ್ ರಿಸೆಪ್ಟರ್, ಪಿಒಎಂಸಿ (ಎಂಸಿ4ಆರ್ ತಟ್ಟುವ ಆ ಇನ್ನೊಂದು ಹಾರ್ಮೋನಿನ ಜೀನು) ಇವುಗಳ ಪೂರ್ತಿ ಸೀಕ್ವೆನ್ಸಿಂಗ್, ಅಂದರೆ ಜೀನಿನ ಪ್ರತಿ ಅಕ್ಷರ ಓದುವ ಪರೀಕ್ಷೆ, ಕೇಳಿ. ಮಣಿಪಾಲದಲ್ಲಿ ಜೆನೆಟಿಕ್ಸ್ ವಿಭಾಗವಿದೆ. ನಿಮ್ಮದು ಸಂಬಂಧದೊಳಗಿನ ಮದುವೆಯಾಗಿದ್ದರೆ ತಪ್ಪದೇ ಹೇಳಿ: ಲೆಪ್ಟಿನ್ ರಿಸೆಪ್ಟರಿನ ದೋಷಕ್ಕೆ ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬರಬೇಕು. ಎಂಸಿ4ಆರ್‌ಗೆ ಒಂದೇ ಸಾಕು. ಎಂಸಿ4ಆರ್ ನಿಜಕ್ಕೂ ಕೆಟ್ಟ ಮಕ್ಕಳೂ ಪಥ್ಯ, ವ್ಯಾಯಾಮದಿಂದ ಉಳಿದವರಷ್ಟೇ ಇಳಿದಿದ್ದಾರೆ. ಇಳಿದದ್ದನ್ನು ಉಳಿಸಿಕೊಳ್ಳುವುದು ಅವರಿಗೆ ಕಷ್ಟ.

ಇನ್ನು ಎತ್ತರ. ಚಪ್ಪಲಿ ಬಿಚ್ಚಿಸಿ, ಹಿಮ್ಮಡಿ, ಕುಂಡೆ, ಬೆನ್ನು ಗೋಡೆಗೆ ತಾಗಿಸಿ ನಿಲ್ಲಿಸಿ, ತಲೆಯ ಮೇಲೆ ದಪ್ಪ ಪುಸ್ತಕ ಅಡ್ಡ ಇಟ್ಟು ಪೆನ್ಸಿಲ್ ಗೆರೆ ಹಾಕಿ. 3 ತಿಂಗಳಿಗೊಮ್ಮೆ ಸಾಕು. ತೂಕ ಏರುತ್ತಾ ಎತ್ತರ ನಿಂತೇಹೋದರೆ ಅದು ಥೈರಾಯ್ಡ್ ಅಥವಾ ಕಾರ್ಟಿಸಾಲ್ ಕಡೆ ಬೆರಳು ತೋರಿಸುತ್ತದೆ. ಬರೀ ಊಟದಿಂದ ದಪ್ಪಗಾದ ಮಕ್ಕಳು ಸಾಮಾನ್ಯವಾಗಿ ಎತ್ತರವೂ ಇರುತ್ತಾರೆ.

ಕುತ್ತಿಗೆ ಹಿಂದೆ ಕಪ್ಪಾಗಿ ವೆಲ್ವೆಟ್ಟಿನಂತೆ ದಪ್ಪಗಿದ್ದರೆ ಕಡ್ಲೆಹಿಟ್ಟು, ನಿಂಬೆ ಹಚ್ಚಿ ತಿಕ್ಕಬೇಡಿ. ಅದು ಕೊಳೆಯಲ್ಲ, ಮೈಯಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದ ಗುರುತು. ಹಸಿದ ಹೊಟ್ಟೆಯ ಸಕ್ಕರೆ, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ), ಲಿವರಿನ ಎಎಲ್‌ಟಿ, ಕೊಬ್ಬಿನಂಶ, ಬಿಪಿ ಇಷ್ಟನ್ನು ಕಾರವಾರದಲ್ಲೋ ಶಿರಸಿಯಲ್ಲೋ ಮಾಡಿಸಿ. ಜೀನ್ ಟೆಸ್ಟಿಗೆ ಸುರಿದ ದುಡ್ಡು ಮೊದಲು ಇದಕ್ಕೆ ಹೋಗಬೇಕಿತ್ತು.

ಊಟದಲ್ಲಿ ನನ್ನ ಹಟ ಒಂದೇ, ಕುಡಿಯುವ ಸಕ್ಕರೆ. ದಿನಕ್ಕೆ ಮೂರು ಲೋಟ ಚಾ, ಲೋಟಕ್ಕೆ ಎರಡು ಚಮಚ ಅಂದರೆ 30 ಗ್ರಾಂ ಸಕ್ಕರೆ, 120 ಕ್ಯಾಲರಿ. ಬೆಲ್ಲ ಹಾಕಿದ ಕಷಾಯವೂ ಅದೇ ಲೆಕ್ಕ. ಸಂಜೆ ಟ್ಯೂಷನ್ ಮುಗಿಸಿ ಬನ್ಸ್ ತಿನ್ನುವ ಬದಲು ಮನೆಯಲ್ಲಿ ಬೇಯಿಸಿದ ಹುರುಳಿಯೋ ಮೊಟ್ಟೆಯೋ ಇರಲಿ. ಮೀನು ತಿನ್ನುವ ಮನೆಯಾದರೆ ಬಂಗುಡೆ ಸಾರಿಗೆ ಬೀಳಲಿ, ಎಣ್ಣೆಗೆ ಬೇಡ. ಅನ್ನ ಅರ್ಧ ಬಟ್ಟಲು ಕಡಿಮೆಯಾಗಿ ತಂಬುಳಿ, ಪಲ್ಯ ಹೆಚ್ಚಾಗಲಿ. ಮನೆಮಂದಿಗೆಲ್ಲ ಅದೇ ಅಡಿಗೆ. ಅವನೊಬ್ಬನಿಗೆ ಬೇರೆ ತಟ್ಟೆ ಇಟ್ಟರೆ ಕದ್ದು ತಿನ್ನುವುದನ್ನು ಕಲಿಯುತ್ತಾನೆ.

ಕಿಲೋ ಇಳಿಯಲಿಲ್ಲ ಎಂದು ಮೂರನೇ ವಾರಕ್ಕೇ ಬೈಯಬೇಡಿ. ತೂಕ 82ರಲ್ಲೇ ನಿಂತು ಎತ್ತರ 166 ಆದರೂ ಬಿಎಂಐ 31.2ರಿಂದ 29.8ಕ್ಕೆ ಬರುತ್ತದೆ. ತಾಯಿ ಕಾರ್ಡ್ ಸಿಕ್ಕಿದರೆ 2, 3, 4ನೇ ವರ್ಷದ ತೂಕ ಇಲ್ಲೇ ಕೆಳಗೆ ಬರೆಯಿರಿ, ಸೀಕ್ವೆನ್ಸಿಂಗ್ ಬೇಕೋ ಬೇಡವೋ ನೋಡಿ ಹೇಳುತ್ತೇನೆ.