ಸಿಂಗಪುರ: ಬಸ್ಸಿನಿಂದ ಇಳಿದು ನೋಡಿ

ಪ್ರಶ್ನೆ: ನಾನು, ಹೆಂಡತಿ, ಏಳನೇ ಕ್ಲಾಸಿನ ಮಗಳು ಮತ್ತು ನನ್ನ ತಾಯಿ ಡಿಸೆಂಬರ್ ರಜೆಯಲ್ಲಿ ಐದು ದಿನ ಸಿಂಗಪುರಕ್ಕೆ ಹೋಗುತ್ತಿದ್ದೇವೆ. ತಾಯಿಗೆ ಎಪ್ಪತ್ತು ವರ್ಷ, ಮಂಡಿನೋವು. ಮೊಟ್ಟೆ, ಮಾಂಸ ಇಲ್ಲ; ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ. ಏಜೆಂಟರ ಪಟ್ಟಿಯಲ್ಲಿ ಯೂನಿವರ್ಸಲ್ ಸ್ಟುಡಿಯೋಸ್, ಸೆಂಟೋಸಾ, ನೈಟ್ ಸಫಾರಿ, ಜೊತೆಗೆ ಅರ್ಧ ದಿನದ ಸಿಟಿ ಟೂರ್ ಇದೆ. ಚೀನೀಯರು, ಮಲಯರು, ತಮಿಳರು ಅಲ್ಲಿ ಒಟ್ಟಿಗೆ ಬದುಕುತ್ತಾರೆ ಅಂತ ಓದಿದ್ದೇನೆ. ಅದನ್ನು ನೋಡಬೇಕು ಅಂತ ನನಗೂ ತಾಯಿಗೂ ಆಸೆ. ಈ ಪಟ್ಟಿ ಸಾಕಾ, ಮೇಡಂ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಸಾಲದು. ಮಗಳಿಗಾಗಿ ಒಂದು ಇಡೀ ದಿನ, ಯೂನಿವರ್ಸಲ್ ಸ್ಟುಡಿಯೋಸ್ ಇರುವ ಸೆಂಟೋಸಾ ದ್ವೀಪಕ್ಕೆ ಕೊಡಿ. ಆದರೆ ಆ ಅರ್ಧ ದಿನದ ಸಿಟಿ ಟೂರ್ ತೆಗೆಸಿಬಿಡಿ. ಚೈನಾಟೌನ್‌ನಲ್ಲಿ ಸ್ವಲ್ಪ ಹೊತ್ತು, ಲಿಟಲ್ ಇಂಡಿಯಾದಲ್ಲಿ ಸ್ವಲ್ಪ ಹೊತ್ತು ಬಸ್ಸು ನಿಲ್ಲಿಸುತ್ತಾರೆ, ಫೋಟೊ ತೆಗೆಸಿ ಮತ್ತೆ ಹತ್ತಿಸುತ್ತಾರೆ. ಒಂದೊಂದು ಜನಾಂಗವೂ ಒಂದೊಂದು ಕೇರಿಯಲ್ಲಿ ಬೇರೆಯಾಗೇ ಇದೆ ಅನ್ನೋ ಭಾವನೆ ಬರುತ್ತದೆ. ನೀವು ನೋಡಬೇಕು ಅಂದುಕೊಂಡಿರುವುದು ಅದಕ್ಕೆ ತದ್ವಿರುದ್ಧ, ಅಲ್ವಾ?

ಯಜಮಾನರ ಕೆಲಸದಿಂದಾಗಿ ನಾನು ಅಲ್ಲಿ ಬಹಳ ವರ್ಷ ಇದ್ದೆ. ನೆಂಟರು ಬಂದಾಗಲೆಲ್ಲ ಮೊದಲು ಕರೆದುಕೊಂಡು ಹೋಗುತ್ತಿದ್ದದ್ದು ವಾಟರ್ಲೂ ಸ್ಟ್ರೀಟಿಗೆ. ಬೂಗಿಸ್ ಮೆಟ್ರೊ ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ಅಲ್ಲಿ ಕ್ವಾನ್ ಇಮ್ ಎಂಬ ಕರುಣೆಯ ದೇವಿಯ ದೊಡ್ಡ ಚೀನೀ ಗುಡಿ ಇದೆ. ಪಕ್ಕದಲ್ಲೇ ಶ್ರೀಕೃಷ್ಣನ ದೇವಸ್ಥಾನ. ದೇವಿಗೆ ಕೈಮುಗಿದ ಚೀನೀ ಅಜ್ಜಿಯರು ಹಾಗೇ ಕೃಷ್ಣನ ಬಾಗಿಲಿಗೂ ಬಂದು, ಊದುಬತ್ತಿ ಹಿಡಿದು ತಲೆಬಾಗುತ್ತಾರೆ. ಯಾರೂ ಹೇಳಿಕೊಟ್ಟು ಮಾಡಿಸಿದ್ದಲ್ಲ. ಅದೇ ಬೀದಿಯಲ್ಲಿ 1878ರ ಯಹೂದಿ ಪ್ರಾರ್ಥನಾಮಂದಿರವೂ ಇದೆ. ಅದನ್ನು ಹೊರಗಿನಿಂದ ನೋಡಿದರೆ ಸಾಕು. ಗುಡಿಗಳ ಮುಂದೆ ವಾಹನಗಳ ಓಡಾಟ ಇಲ್ಲ, ನೆಲ ಸಮತಟ್ಟು. ನಿಮ್ಮ ತಾಯಿಯವರು ಆರಾಮಾಗಿ ನಡೆಯಬಹುದು. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಹೋಗಿ, ಒಂದು ಗಂಟೆ ಸುಮ್ನೆ ಕೂತು ನೋಡಿ.

ಊಟದ ಚಿಂತೆಯೂ ಅಲ್ಲೇ ಅರ್ಧ ಕಳೆಯುತ್ತದೆ. ಕಟ್ಟುನಿಟ್ಟಿನ ಚೀನೀ ಬೌದ್ಧರು ಮಾಂಸದ ಜೊತೆಗೆ ಈರುಳ್ಳಿ, ಬೆಳ್ಳುಳ್ಳಿಯನ್ನೂ ಬಿಟ್ಟಿರುತ್ತಾರೆ, ಥೇಟ್ ನಿಮ್ಮ ತಾಯಿಯವರ ಹಾಗೆ. ಹತ್ತಿರದ ಫಾರ್ಚೂನ್ ಸೆಂಟರ್ ಎಂಬ ಹಳೇ ಕಟ್ಟಡದಲ್ಲಿ ಇಂಥ ಸಸ್ಯಾಹಾರಿ ಅಂಗಡಿಗಳು ಹಲವಿವೆ. ಆದರೂ ಪ್ರತಿ ಅಂಗಡಿಯಲ್ಲೂ ಮೊಟ್ಟೆ, ಬೆಳ್ಳುಳ್ಳಿ ಇದೆಯಾ ಅಂತ ಕೇಳಿಯೇ ಊಟ ಹೇಳಿ. ತಟ್ಟೆಯಲ್ಲಿ ಕೋಳಿ, ಮೀನಿನ ಆಕಾರದ್ದು ಕಂಡರೆ ಗಾಬರಿಯಾಗಬಾರದು, ಅದನ್ನು ಸೋಯಾ ಮತ್ತು ಗೋಧಿಯಿಂದ ಮಾಡಿರುತ್ತಾರೆ. ತಾಯಿಯವರಿಗೆ ಮೊದಲೇ ಹೇಳಿಟ್ಟಿರಿ. ನಮ್ಮ ಊಟವೇ ಬೇಕು ಅನ್ನಿಸಿದ ದಿನ ಲಿಟಲ್ ಇಂಡಿಯಾದ ಸೆರಂಗೂನ್ ರೋಡಿಗೆ ಹೋಗಿ. 1947ರಿಂದ ನಡೆಯುತ್ತಿರುವ ಕೋಮಲ ವಿಲಾಸ್ ಇದೆ. ಶ್ರೀನಿವಾಸ ಪೆರುಮಾಳ್ ಗುಡಿಯ ಹತ್ತಿರ ನಮ್ಮ ಬೆಂಗಳೂರಿನ ಎಂಟಿಆರ್ ಕೂಡ ಇದೆ.

ವಾಟರ್ಲೂ ಸ್ಟ್ರೀಟಿನಿಂದ ಮಲಯರ ಹಳೆಯ ಕೇರಿ ಕಾಂಪೊಂಗ್ ಗ್ಲಾಮ್ ದೂರವಿಲ್ಲ. ಅಲ್ಲಿನ ಸುಲ್ತಾನ್ ಮಸೀದಿಯ ಚಿನ್ನದ ಬಣ್ಣದ ಗುಮ್ಮಟದ ಬುಡ ನೋಡಿ. ಕಪ್ಪಗೆ ಹೊಳೆಯುವ ಪಟ್ಟಿಯೊಂದಿದೆ. ಅವು ಗಾಜಿನ ಬಾಟಲಿಗಳ ತಳಗಳು. ಮಸೀದಿ ಕಟ್ಟುವಾಗ ಹಣ ಕೊಡಲಾಗದ ಬಡವರು ಬಾಟಲಿ ತಂದುಕೊಟ್ಟರು. ಅವನ್ನು ಮೂಲೆಗೆ ಹಾಕದೆ ಗುಮ್ಮಟಕ್ಕೇ ಏರಿಸಿದರು. ಮಗಳಿಗೆ ಇದನ್ನು ತಪ್ಪದೆ ತೋರಿಸಿ. ನಮಾಜಿನ ಹೊತ್ತು ಬಿಟ್ಟು ಹೋಗಿ. ಶುಕ್ರವಾರ ಬೇಡ. ಮೈತುಂಬ ಬಟ್ಟೆ ಇರಲಿ.

ಇನ್ನೊಂದು ಬೆಳಿಗ್ಗೆ ಸೌತ್ ಬ್ರಿಡ್ಜ್ ರೋಡ್. 1827ರಲ್ಲಿ ಶುರುವಾದ ಮಾರಿಯಮ್ಮನ ಗುಡಿ, ಅದೇ ಸಾಲಿನಲ್ಲಿ ತಮಿಳು ಮುಸ್ಲಿಮರ ಜಾಮೆ ಮಸೀದಿ, ಸ್ವಲ್ಪ ಮುಂದೆ 2007ರಲ್ಲಿ ತೆರೆದ ಬುದ್ಧನ ದಂತದ ಮಂದಿರ. ಇದಿಷ್ಟೂ ಚೈನಾಟೌನ್‌ನ ನಡುವೆ! ಮಾರಿಯಮ್ಮನ ಗುಡಿ ಮಧ್ಯಾಹ್ನ ಮುಚ್ಚುತ್ತದೆ, ಹಾಗಾಗಿ ಹನ್ನೊಂದರೊಳಗೆ ತಲುಪಿ. ತಾಯಿಯವರ ಮಂಡಿ ಒಪ್ಪಿದರೆ ತೆಲೋಕ್ ಆಯರ್ ಸ್ಟ್ರೀಟಿಗೂ ಹೋಗಿ, ಇಲ್ಲವಾದರೆ ಟ್ಯಾಕ್ಸಿ ಹಿಡಿಯಿರಿ. ಹಿಂದೆ ಆ ಬೀದಿ ಸಮುದ್ರದ ದಡವಾಗಿತ್ತು. ದೋಣಿಯಿಂದ ಜೀವ ಸಹಿತ ಇಳಿದ ಚೀನೀಯರು ಸಮುದ್ರದೇವತೆ ಮಾಝುವಿಗೆ ಗುಡಿ ಕಟ್ಟಿದರು. ಕೆಲವೇ ಹೆಜ್ಜೆ ಆಚೆ ತಮಿಳುನಾಡಿನ ಕರಾವಳಿಯಿಂದ ಬಂದ ಮುಸ್ಲಿಮರು ನಾಗೂರಿನ ಸಂತರ ನೆನಪಿಗೆ ದರ್ಗಾ ಕಟ್ಟಿದರು. ಈಗ ಸಮುದ್ರ ತುಂಬಿಸಿ ಗಗನಚುಂಬಿ ಕಟ್ಟಡ ಎಬ್ಬಿಸಿದ್ದಾರೆ, ನೀರು ಕಣ್ಣಿಗೇ ಕಾಣುವುದಿಲ್ಲ. ಆದರೆ ಆ ಎರಡು ಕಟ್ಟಡ ಅಕ್ಕಪಕ್ಕ ಯಾಕಿವೆ ಅನ್ನುವುದು ಅಲ್ಲಿ ನಿಂತಾಗ ಗೊತ್ತಾಗುತ್ತದೆ. ಇಬ್ಬರೂ ದಾಟಿ ಬಂದದ್ದು ಸಮುದ್ರವನ್ನೇ.

ಇನ್ನು ನಾನು ಒತ್ತಿ ಹೇಳುವ ಜಾಗ ಯಾವ ಏಜೆಂಟರ ಪಟ್ಟಿಯಲ್ಲೂ ಇರುವುದಿಲ್ಲ. ತೋವಾ ಪಾಯೋ ಅಂತ, ಸರ್ಕಾರ ಕಟ್ಟಿ ಜನರಿಗೆ ಮಾರಿದ ಫ್ಲ್ಯಾಟುಗಳ ಹಳೆಯ ಬಡಾವಣೆ. ನಾವಿದ್ದದ್ದು ಅಲ್ಲೇ. ಸಿಂಗಪುರದವರಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಜನ ಇಂಥ ಸರ್ಕಾರಿ ಫ್ಲ್ಯಾಟುಗಳಲ್ಲೇ ಇರುತ್ತಾರೆ. 1989ರಿಂದ ಒಂದು ನಿಯಮವಿದೆ. ಯಾವ ಬ್ಲಾಕಿನಲ್ಲಿ ಯಾವ ಜನಾಂಗದವರು ಎಷ್ಟು ಮನೆ ಕೊಳ್ಳಬಹುದು ಅನ್ನುವುದಕ್ಕೆ ಮಿತಿ ಹಾಕಿದ್ದಾರೆ. ಒಂದೇ ಜನಾಂಗದವರು ಒಂದೇ ಕಡೆ ಗುಂಪಾಗಬಾರದು ಅಂತ. 1964ರಲ್ಲಿ ಚೀನೀಯರಿಗೂ ಮಲಯರಿಗೂ ದೊಡ್ಡ ಗಲಭೆಯಾಗಿ ಜನ ಸತ್ತಿದ್ದರು. ಒಟ್ಟಿಗಿರುವುದು ತಾನಾಗೇ ಬಂದದ್ದಲ್ಲ, ಶ್ರಮಪಟ್ಟು ಮಾಡಿದ್ದು. ಈ ನಿಯಮದಿಂದ ಕಷ್ಟಪಡುವವರೂ ಇದ್ದಾರೆ. ಮನೆ ಮಾರಲು ಹೊರಟ ಮಲಯ ಅಥವಾ ಭಾರತೀಯ ಕುಟುಂಬಕ್ಕೆ ಕೊಳ್ಳುವವರು ಕಮ್ಮಿಯಾಗಿ ಬೆಲೆ ಇಳಿಯುವುದುಂಟು. ಅದು ನಿಜವಾದ ದೂರು. ಆದರೂ ನಾನು ಆ ನಿಯಮದ ಪರ. ನಮ್ಮ ಬ್ಲಾಕಿನ ಕೆಳಗಿನ ಖಾಲಿ ಜಾಗದಲ್ಲಿ ಒಂದು ವಾರ ಮಲಯರ ಮದುವೆ, ಇನ್ನೊಂದು ವಾರ ಚೀನೀಯರ ಸಾವಿನ ಕಾರ್ಯ ನಡೆಯುತ್ತಿತ್ತು. ಎಲ್ಲರೂ ಅದರ ಪಕ್ಕದಲ್ಲೇ ಲಿಫ್ಟಿಗೆ ಕಾಯುತ್ತಿದ್ದೆವು. ಮಕ್ಕಳು ಅದನ್ನು ನೋಡುತ್ತಲೇ ಬೆಳೆಯುತ್ತಾರೆ.

ಬೆಳಿಗ್ಗೆ ಎಂಟಕ್ಕೆ ಅಲ್ಲಿನ ಹಾಕರ್ ಸೆಂಟರ್ ಒಂದರಲ್ಲಿ, ಅಂದರೆ ಒಂದೇ ಸೂರಿನಡಿ ಹಲವು ಊಟದ ಅಂಗಡಿ ಇರುವ ಜಾಗದಲ್ಲಿ, ಕೂತು ಕೋಪಿ (ಅಲ್ಲಿನ ಕಾಫಿ) ಕುಡಿಯಿರಿ. ಹಾಲು ಬೇಡ ಅಂದರೆ ಕೋಪಿ-ಓ ಅನ್ನಿ. ಮೇಜಿನ ಮೇಲೆ ಟಿಶ್ಯೂ ಪೊಟ್ಟಣ ಇದ್ದರೆ ಅದು ಯಾರೋ ಹಿಡಿದಿಟ್ಟ ಜಾಗ, ಕೂರಬೇಡಿ. ಎದ್ದು ಹೋಗುವಾಗ ತಟ್ಟೆ ನೀವೇ ಒಯ್ದು ಇಡಬೇಕು, ಇಲ್ಲದಿದ್ದರೆ ದಂಡ. ಹಲಾಲ್ ತಟ್ಟೆಗಳಿಗೆ ಬೇರೆ ಕಟ್ಟೆ ಇರುತ್ತದೆ, ನೋಡಿ ಇಡಿ.

ಉಳಿದದ್ದು ಬೇಗ ಹೇಳುತ್ತೇನೆ. ವೀಸಾ ಬೇಕು, ಅಧಿಕೃತ ಏಜೆಂಟರ ಮೂಲಕ ಮಾಡಿಸಿ. ಎಸ್‌ಜಿ ಅರೈವಲ್ ಕಾರ್ಡ್ ಎಂಬ ಪ್ರವೇಶ ಅರ್ಜಿಯನ್ನು, ಅಲ್ಲಿ ತಲುಪುವ ಮುಂಚಿನ ಮೂರು ದಿನದೊಳಗೆ ಸರ್ಕಾರಿ ಜಾಲತಾಣದಲ್ಲೇ ತುಂಬಿ. ಅದು ಉಚಿತ, ದುಡ್ಡು ಕೇಳಿದರೆ ಕೊಡಬೇಡಿ. ಮೆಟ್ರೊ ಸ್ಟೇಷನ್ನುಗಳಲ್ಲಿ ಲಿಫ್ಟ್ ಇದೆ. ಡಿಸೆಂಬರ್ ಅಲ್ಲಿ ಮಳೆಗಾಲ, ಛತ್ರಿ ಇರಲಿ. ಗಾರ್ಡನ್ಸ್ ಬೈ ದ ಬೇಯಲ್ಲಿ ಆ ದೊಡ್ಡ ಲೋಹದ ಮರಗಳ ಬೆಳಕಿನಾಟ ರಾತ್ರಿ 7.45ಕ್ಕೆ ಮತ್ತು 8.45ಕ್ಕೆ. ಟಿಕೆಟ್ ಇಲ್ಲ. ಅದಕ್ಕೆ ದುಡ್ಡು ಕೇಳುವ ಪ್ಯಾಕೇಜ್ ಬೇಡ.

ಪ್ರಶ್ನೆ: ನಾವು ನಾಲ್ಕು ಜನ ನಿವೃತ್ತ ಶಿಕ್ಷಕಿಯರು. ಸಿಂಗಪುರಕ್ಕೆ ಹಬ್ಬದ ದಿನಗಳಲ್ಲಿ ಹೋಗುವುದು ಒಳ್ಳೆಯದಾ, ಮೇಡಂ? ಯಾವ ಹಬ್ಬ?
— ಓದುಗರು, ಧಾರವಾಡ

ಉತ್ತರ: ನಿಮಗೆ ರಜೆಯ ಹಂಗಿಲ್ಲ, ಹಬ್ಬ ನೋಡಿಯೇ ಹೋಗಿ. ಚೀನೀ ಹೊಸವರ್ಷದ ಹಿಂದಿನ ವಾರ ಚೈನಾಟೌನ್ ಕಳೆಗಟ್ಟಿರುತ್ತದೆ. ಆದರೆ ಹಬ್ಬದ ಮೊದಲ ಎರಡು ದಿನ ಊರಿಗೆ ಊರೇ ಬಾಗಿಲು ಹಾಕಿ ನೆಂಟರ ಮನೆಗೆ ಹೋಗಿರುತ್ತದೆ, ಊಟಕ್ಕೂ ಪರದಾಡುತ್ತೀರಿ. ತಮಿಳರ ತೈಪೂಸಂ ಹಬ್ಬದಲ್ಲಿ ಪೆರುಮಾಳ್ ಗುಡಿಯಿಂದ ಟ್ಯಾಂಕ್ ರೋಡಿನ ಮುರುಗನ ಗುಡಿಗೆ ಕಾವಡಿ ಹೊತ್ತು ನಡೆಯುತ್ತಾರೆ. ಮೈಗೆ ಶೂಲ ಚುಚ್ಚಿಕೊಂಡಿರುತ್ತಾರೆ, ನೋಡಲು ಗಟ್ಟಿ ಮನಸ್ಸು ಬೇಕು. ರಂಜಾನ್ ತಿಂಗಳಲ್ಲಾದರೆ ಮಲಯರ ಬಡಾವಣೆ ಗೇಲಾಂಗ್ ಸೆರಾಯ್ ಎಂಬಲ್ಲಿನ ಸಂಜೆ ಬಜಾರು ನೋಡಿ.

ನನ್ನನ್ನು ಕೇಳಿದರೆ ಚೀನೀ ಪಂಚಾಂಗದ ಏಳನೇ ತಿಂಗಳು. ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಬರುತ್ತದೆ. ನಮ್ಮ ಪಿತೃಪಕ್ಷದ ಹಾಗೆ, ಹೋದವರಿಗೆ ಅನ್ನ ಇಡುವ ಕಾಲ. ಫ್ಲ್ಯಾಟುಗಳ ಮುಂದೆ ಕಾಗದದ ನೋಟು ಸುಡುತ್ತಾರೆ, ಹುಲ್ಲಿನ ಅಂಚಿನಲ್ಲಿ ಹಣ್ಣು, ಅನ್ನ ಇಡುತ್ತಾರೆ. ಬಯಲಲ್ಲಿ ವೇದಿಕೆ ಹಾಕಿ ಹಾಡು ಕುಣಿತ ನಡೆಸುತ್ತಾರೆ. ಮುಂದಿನ ಸಾಲಿನ ಕುರ್ಚಿಗಳು ಖಾಲಿ ಇರುತ್ತವೆ. ಅವು ಸತ್ತವರಿಗೆ. ಹಿಂದೆ ಕೂತು ನೋಡಿ, ಯಾರೂ ಬೇಡ ಅನ್ನುವುದಿಲ್ಲ. ಎಡೆಯನ್ನು ಮಾತ್ರ ತುಳಿಯಬೇಡಿ.

ಪ್ರಶ್ನೆ: ಅಪ್ಪಯ್ಯನನ್ನು ಸಿಂಗಪುರಕ್ಕೆ ಕರೆದುಕೊಂಡು ಹೋಗುವವನಿದ್ದೇನೆ. ಹೊಗೆಸೊಪ್ಪು ಹಾಕಿದ ಕವಳ ಇಲ್ಲದೆ ಅವರಿಗೆ ದಿನ ಹೋಗುವುದಿಲ್ಲ. ಒಯ್ಯಬಹುದಾ?
— ಓದುಗರೊಬ್ಬರು, ಶಿರಸಿ

ಉತ್ತರ: ಹೊಗೆಸೊಪ್ಪು ಒಂದು ಎಸಳೂ ಬೇಡ. ಅಗಿಯುವ ತಂಬಾಕು, ಗುಟ್ಕಾ ಅಲ್ಲಿ ನಿಷೇಧ, ಚೂಯಿಂಗ್ ಗಮ್ ತರುವುದು 1992ರಿಂದಲೇ ನಿಷೇಧ. ಅಡುಗೆಗೆ ಅಂತ ಗಸಗಸೆಯನ್ನೂ ಕಟ್ಟಿಕೊಳ್ಳಬೇಡಿ, ಅದಕ್ಕೂ ಅಲ್ಲಿ ಅನುಮತಿ ಇಲ್ಲ. ಎಲೆ, ಅಡಿಕೆ ಲಿಟಲ್ ಇಂಡಿಯಾದಲ್ಲೇ ಸಿಗುತ್ತದೆ, ಇಲ್ಲಿಂದ ಹೊರುವುದು ಬೇಡ. ಎಲ್ಲೆಂದರಲ್ಲಿ ಉಗುಳಿದರೆ ದಂಡ. ಮೆಟ್ರೊದೊಳಗೆ ಏನೂ ತಿನ್ನುವ ಹಾಗಿಲ್ಲ. ಹೊರಡುವ ಒಂದು ತಿಂಗಳ ಮೊದಲೇ ಹೊಗೆಸೊಪ್ಪು ಕಮ್ಮಿ ಮಾಡಿಸುತ್ತ ಬನ್ನಿ. ನಿಮ್ಮೂರ ಡಾಕ್ಟರಿಗೂ ಒಂದು ಮಾತು ಹೇಳಿ, ಅಪ್ಪಯ್ಯನವರಿಗೆ ಅಲ್ಲಿ ಹೋದ ಮೇಲೆ ಚಡಪಡಿಕೆ ಆಗುವುದು ತಪ್ಪುತ್ತದೆ.