ರೈಜೆನ್ 7 7700ಎಕ್ಸ್ ಪ್ರೊಸೆಸರ್‌ಗೆ ಲಿಕ್ವಿಡ್ ಕೂಲರ್ ಹಾಕಿದರೆ 95 ಡಿಗ್ರಿ ಇಳಿಯುತ್ತದೆಯೇ?

ನಿಮ್ಮ ಮನೆಯ ಕಂಪ್ಯೂಟರ್‌ನಲ್ಲಿ ರೈಜೆನ್ 7 7700ಎಕ್ಸ್ ಇದೆ, ಅದರ ಮೇಲೆ ಒಂದೇ ಫ್ಯಾನಿನ ಏರ್ ಕೂಲರ್ ಇದೆ, ವಿಡಿಯೋ ರೆಂಡರ್ ಶುರುವಾದ ಸ್ವಲ್ಪ ಹೊತ್ತಿನಲ್ಲೇ ಉಷ್ಣಾಂಶ 95 ಡಿಗ್ರಿ ಸೆಲ್ಸಿಯಸ್ ಮುಟ್ಟಿ ಅಲ್ಲೇ ನಿಲ್ಲುತ್ತದೆ ಎಂದು ಬರೆದಿದ್ದೀರಿ. 240 ಮಿಲಿಮೀಟರ್ ರೇಡಿಯೇಟರ್ (ನೀರಿನ ಶಾಖವನ್ನು ಗಾಳಿಗೆ ಬಿಡುವ ಭಾಗ) ಇರುವ ಲಿಕ್ವಿಡ್ ಕೂಲರ್‌ಗೆ ಬದಲಾಯಿಸಿದರೆ ಈ ಅಂಕಿ ಇಳಿಯುತ್ತದೆಯೇ, ನೀರು ಸೋರಿ ಮದರ್‌ಬೋರ್ಡ್ ಹಾಳಾಗುವ ಭಯವಿಲ್ಲವೇ ಎಂಬುದು ನಿಮ್ಮ ಪ್ರಶ್ನೆ. ಅಂಕಿ ನೀವು ಎಣಿಸಿದಷ್ಟು ಇಳಿಯುವುದಿಲ್ಲ. ಕೆಲಸದ ವೇಗ ತುಸು ಹೆಚ್ಚಬಹುದು, ಫ್ಯಾನಿನ ಸದ್ದು ಗಣನೀಯವಾಗಿ ತಗ್ಗಬಹುದು. ಆದರೆ ಹಣ ಖರ್ಚು ಮಾಡುವ ಮೊದಲು ಮಾಡಿ ನೋಡಬೇಕಾದ ಕೆಲವು ಕೆಲಸಗಳಿವೆ, ಅವುಗಳಲ್ಲಿ ಯಾವುದಕ್ಕೂ ಖರ್ಚಿಲ್ಲ.

ಮೊದಲಿಗೆ ಆ 95 ಎಂಬ ಸಂಖ್ಯೆಯನ್ನು ಸರಿಯಾಗಿ ಓದಿಕೊಳ್ಳಬೇಕು. 2022ರಲ್ಲಿ ಎಎಂಡಿ ಬಿಡುಗಡೆ ಮಾಡಿದ ರೈಜೆನ್ 7000 ಸರಣಿಯ ಎಕ್ಸ್ ಮಾದರಿಗಳು, ಪೂರ್ಣ ಹೊರೆ ಬಿದ್ದಾಗ ತಮಗೆ ಸಿಗುವ ತಂಪನ್ನೆಲ್ಲ ಕೆಲಸದ ವೇಗವನ್ನಾಗಿ ಪರಿವರ್ತಿಸಿಕೊಳ್ಳುವಂತೆ ರೂಪುಗೊಂಡಿವೆ. ಇನ್ನೂ ಬಿಸಿಯಾಗಲು ಅವಕಾಶವಿದೆ ಎಂದು ಕಂಡರೆ ಪ್ರೊಸೆಸರ್ ತನ್ನ ವೇಗವನ್ನು ಏರಿಸುತ್ತಲೇ ಹೋಗುತ್ತದೆ. 95 ಡಿಗ್ರಿಯ ಗಡಿ ಅಥವಾ 142 ವ್ಯಾಟ್ ವಿದ್ಯುತ್ತಿನ ಗಡಿ, ಯಾವುದು ಮೊದಲು ಎದುರಾಗುತ್ತದೆಯೋ ಅಲ್ಲಿ ನಿಲ್ಲುತ್ತದೆ. ಆದ್ದರಿಂದ ಉಷ್ಣಾಂಶವೊಂದನ್ನೇ ನೋಡಿ ಕೂಲರ್ ಸೋತಿದೆ ಎಂದು ತೀರ್ಮಾನಿಸುವುದು ತಪ್ಪಾಗುತ್ತದೆ. ಎಚ್‌ಡಬ್ಲ್ಯುಇನ್ಫೊ ತಂತ್ರಾಂಶವನ್ನು ತೆರೆದಿಟ್ಟು, ರೆಂಡರ್ ನಡೆಯುವಾಗ ಪಿಪಿಟಿ (ಪ್ರೊಸೆಸರ್ ಎಳೆಯುವ ಒಟ್ಟು ವಿದ್ಯುತ್) ಎಂಬ ಸಾಲಿನಲ್ಲಿ ಎಷ್ಟು ವ್ಯಾಟ್ ಬರುತ್ತಿದೆ, ಎಲ್ಲ ಕೋರ್‌ಗಳೂ ಎಷ್ಟು ಗಿಗಾಹರ್ಟ್ಸ್‌ನಲ್ಲಿ ಓಡುತ್ತಿವೆ ಎಂಬುದನ್ನು ಬರೆದಿಟ್ಟುಕೊಳ್ಳಿ. ಪಿಪಿಟಿ 142ರ ಸಮೀಪದಲ್ಲೇ ಇದ್ದರೆ ನಿಮ್ಮ ಈಗಿನ ಕೂಲರ್ ತನ್ನ ಕೆಲಸವನ್ನು ಬಹುಪಾಲು ಮಾಡುತ್ತಿದೆ, ಹೊಸದರಿಂದ ವೇಗದಲ್ಲಿ ಹೇಳಿಕೊಳ್ಳುವಂಥ ಲಾಭವಿಲ್ಲ. ಅದು 110 ಅಥವಾ 115 ವ್ಯಾಟ್‌ಗೇ ತಡೆದು ನಿಂತು, ಉಷ್ಣಾಂಶ ಮಾತ್ರ 95ರಲ್ಲಿದ್ದರೆ ಆಗ ತಂಪು ಸಾಲದಾಗಿದೆ ಎಂದರ್ಥ. ಈ ಪ್ರೊಸೆಸರ್‌ನ ಮೂಲ ವೇಗ 4.5 ಗಿಗಾಹರ್ಟ್ಸ್, ರೆಂಡರ್ ಸಮಯದಲ್ಲಿ ಅದಕ್ಕಿಂತ ಸಾಕಷ್ಟು ಮೇಲೆ ಓಡುತ್ತಿದ್ದರೆ ನೀವು ಹಣ ಕೊಟ್ಟು ಕೊಂಡ ಸಾಮರ್ಥ್ಯವನ್ನು ಕಳೆದುಕೊಂಡಿಲ್ಲ ಎಂಬ ನೆಮ್ಮದಿ ಇರಲಿ.

ನೀರು ಇಲ್ಲಿ ಪವಾಡ ಮಾಡಲಾರದು, ಅದಕ್ಕೊಂದು ಕಾರಣವಿದೆ. 7700ಎಕ್ಸ್‌ನ ಎಂಟೂ ಕೋರ್‌ಗಳು ಸುಮಾರು 70 ಚದರ ಮಿಲಿಮೀಟರ್ ವಿಸ್ತೀರ್ಣದ ಒಂದೇ ಸಿಲಿಕಾನ್ ತುಣುಕಿನಲ್ಲಿವೆ. ಬೆರಳಿನ ಉಗುರಿಗಿಂತಲೂ ಚಿಕ್ಕದಾದ ಆ ಜಾಗದಿಂದ ನೂರಕ್ಕೂ ಹೆಚ್ಚು ವ್ಯಾಟ್ ಶಾಖ ಹೊರಗೆ ಬರಬೇಕು. ಅದು ಸಿಲಿಕಾನ್ ದಾಟಿ, ಬೆಸುಗೆಯ ಪದರ ದಾಟಿ, ಮೇಲಿನ ದಪ್ಪ ಲೋಹದ ಮುಚ್ಚಳ ದಾಟಿ, ಥರ್ಮಲ್ ಪೇಸ್ಟ್ ಮೂಲಕ ಕೂಲರ್‌ನ ತಳವನ್ನು ಸೇರುತ್ತದೆ. ಇಷ್ಟು ದಾರಿ ಏರ್ ಕೂಲರ್‌ಗೂ ಲಿಕ್ವಿಡ್ ಕೂಲರ್‌ಗೂ ಒಂದೇ. ವ್ಯತ್ಯಾಸ ಶುರುವಾಗುವುದು ಅದರ ನಂತರ. ಕಿರಿದಾದ ಸೇತುವೆಯ ಆಚೆಗಿನ ರಸ್ತೆಯನ್ನು ಎಷ್ಟು ಅಗಲ ಮಾಡಿದರೂ ಸೇತುವೆಯ ಮೇಲಿನ ದಟ್ಟಣೆ ಕರಗದು. ಮೊದಲ ಕೆಲವು ನಿಮಿಷ ಲಿಕ್ವಿಡ್ ಕೂಲರ್ ಬಹಳ ಚೆನ್ನಾಗಿ ಕಾಣುತ್ತದೆ, ಏಕೆಂದರೆ ತೂಕಕ್ಕೆ ತೂಕ ಹೋಲಿಸಿದರೆ ನೀರು ಗಾಳಿಗಿಂತ ಸುಮಾರು ನಾಲ್ಕು ಪಟ್ಟು ಶಾಖ ಹಿಡಿದಿಟ್ಟುಕೊಳ್ಳುತ್ತದೆ, ಹಾಗಾಗಿ ನಿಧಾನವಾಗಿ ಬಿಸಿಯಾಗುತ್ತದೆ. ಆದರೆ ನಿಮ್ಮದು ಅರ್ಧ ಗಂಟೆ, ಒಂದು ಗಂಟೆ ನಡೆಯುವ ರೆಂಡರ್. ಒಮ್ಮೆ ನೀರು ಬಿಸಿಯಾಗಿ ಸ್ಥಿರ ಸ್ಥಿತಿಗೆ ಬಂದ ಮೇಲೆ ಲೆಕ್ಕಕ್ಕೆ ಬರುವುದು ರೇಡಿಯೇಟರ್‌ನ ವಿಸ್ತೀರ್ಣ, ಅದರ ಮೂಲಕ ಹಾಯುವ ಗಾಳಿ ಮತ್ತು ಕೋಣೆಯ ಉಷ್ಣಾಂಶ, ಇಷ್ಟೇ.

ಲಿಕ್ವಿಡ್ ಕೂಲಿಂಗ್ ಬಗ್ಗೆ ನನಗೆ ಅನಾದರವಿಲ್ಲ. 253 ವ್ಯಾಟ್‌ವರೆಗೆ ಎಳೆಯುವ ಇಂಟೆಲ್‌ನ ಕೋರ್ ಐ9 14900ಕೆ, 230 ವ್ಯಾಟ್ ಎಳೆಯುವ ರೈಜೆನ್ 9 7950ಎಕ್ಸ್ ಇಂಥವುಗಳಿಗೆ, ಅದರಲ್ಲೂ ಶಾಖ ಎರಡು ತುಣುಕುಗಳಲ್ಲಿ ಹಂಚಿಹೋಗಿರುವ 7950ಎಕ್ಸ್‌ಗೆ, 360 ಮಿಲಿಮೀಟರ್ ರೇಡಿಯೇಟರ್ ಹಾಕುವುದನ್ನು ನಾನು ಮನಸಾರೆ ಬೆಂಬಲಿಸುತ್ತೇನೆ. ನಿಮ್ಮ ಈಗಿನ ಎಎಂ5 (ರೈಜೆನ್ 7000 ಸರಣಿ ಕೂರುವ ಸಾಕೆಟ್) ಬೋರ್ಡಿನಲ್ಲಿ ಮುಂದೆ 7950ಎಕ್ಸ್‌ನಂಥ ಪ್ರೊಸೆಸರ್ ಕೂರಿಸುವ ಯೋಚನೆ ನಿಮಗಿದ್ದರೆ ಈಗಲೇ ದೊಡ್ಡ ರೇಡಿಯೇಟರ್ ಕೊಳ್ಳುವುದು ಸರಿಯಾದ ನಿರ್ಧಾರ. 7700ಎಕ್ಸ್‌ನಲ್ಲೇ ಮುಂದುವರಿಯುವುದಾದರೆ ಎರಡು ಗೋಪುರಗಳ ಒಳ್ಳೆಯ ಏರ್ ಕೂಲರ್ 240 ಮಿಲಿಮೀಟರ್ ಲಿಕ್ವಿಡ್ ಕೂಲರ್‌ಗೆ ತೀರ ಹತ್ತಿರದಲ್ಲೇ ನಿಲ್ಲುತ್ತದೆ, ಮತ್ತು ಅದರಲ್ಲಿ ಕೆಡಬಹುದಾದ ಚಲಿಸುವ ಭಾಗ ಫ್ಯಾನ್ ಬಿಟ್ಟರೆ ಬೇರೊಂದಿಲ್ಲ.

ಈಗ ಖರ್ಚಿಲ್ಲದ ಕೆಲಸಗಳು. ಬಯೋಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಮೂಲ ಹೊಂದಿಕೆಗಳ ಪುಟ) ಇಕೋ ಮೋಡ್ ಆರಿಸಿ 65 ವ್ಯಾಟ್ ಎಂದು ಇಟ್ಟರೆ ಪ್ರೊಸೆಸರ್ 88 ವ್ಯಾಟ್ ಮೀರುವುದಿಲ್ಲ; 65 ಎಂಬುದು ಆ ಆಯ್ಕೆಯ ಹೆಸರು, ಪಿಪಿಟಿಯ ನಿಜವಾದ ಗಡಿ 88. ಉಷ್ಣಾಂಶ ದೊಡ್ಡ ಪ್ರಮಾಣದಲ್ಲಿ ಇಳಿಯುತ್ತದೆ, ರೆಂಡರ್ ಸಮಯ ಮಾತ್ರ ಸ್ವಲ್ಪವೇ ಹೆಚ್ಚುತ್ತದೆ. ಗಡಿಯ ಕೊನೆಯ ಹಂತದ ಅಲ್ಪ ವೇಗಕ್ಕಾಗಿ ಈ ಚಿಪ್‌ಗಳು ವಿಪರೀತ ವಿದ್ಯುತ್ ವ್ಯಯಿಸುತ್ತವೆ ಎಂಬುದೇ ಇದರ ಹಿಂದಿನ ಗುಟ್ಟು. ಬಯೋಸ್‌ನಲ್ಲೇ ಇರುವ ಕರ್ವ್ ಆಪ್ಟಿಮೈಸರ್ ಎಂಬ ಆಯ್ಕೆಯಲ್ಲಿ ಎಲ್ಲ ಕೋರ್‌ಗಳಿಗೂ ಸಣ್ಣ ಋಣ ಮೌಲ್ಯ ಕೊಟ್ಟು, ವೋಲ್ಟೇಜ್ ತಗ್ಗಿಸಿ, ಹಂತಹಂತವಾಗಿ ಸ್ಥಿರತೆ ಪರೀಕ್ಷಿಸುವುದು ಇನ್ನೊಂದು ದಾರಿ. ಇದರಲ್ಲಿ ತಾಳ್ಮೆ ಬೇಕು, ಆದರೆ ವೇಗವನ್ನು ಬಿಟ್ಟುಕೊಡಬೇಕಿಲ್ಲ. ಮೂರನೆಯದಾಗಿ, ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆದಿಟ್ಟು ಒಮ್ಮೆ ಅದೇ ರೆಂಡರ್ ಓಡಿಸಿ. ಆಗ ಪಿಪಿಟಿ ಅಥವಾ ವೇಗ ಗಮನಾರ್ಹವಾಗಿ ಏರಿದರೆ, ಅಥವಾ ಉಷ್ಣಾಂಶ ಇಳಿದರೆ, ನಿಮ್ಮ ತೊಂದರೆ ಇರುವುದು ಕೂಲರ್‌ನಲ್ಲಲ್ಲ, ಪೆಟ್ಟಿಗೆಯೊಳಗಿನ ಗಾಳಿಯ ಸಂಚಾರದಲ್ಲಿ. ಆ ಪೆಟ್ಟಿಗೆಯಲ್ಲಿ ರೇಡಿಯೇಟರ್ ಇಟ್ಟರೂ ಅದು ಉಸಿರಾಡುವುದು ಅದೇ ಬಿಸಿ ಗಾಳಿಯನ್ನು.

ಇಷ್ಟಾದ ಮೇಲೂ ಲಿಕ್ವಿಡ್ ಕೂಲರ್ ಬೇಕೆನಿಸಿದರೆ ಕಂಪನಿಯಲ್ಲೇ ನೀರು ತುಂಬಿ ಮುಚ್ಚಿ ಬರುವ ಮಾದರಿಯನ್ನೇ ಕೊಳ್ಳಿ. ಕೊಳವೆ, ನೀರು ಹರಿಸುವ ಪಂಪ್, ಪ್ರೊಸೆಸರ್ ಮೇಲೆ ಕೂರುವ ಬ್ಲಾಕ್ ಎಲ್ಲವನ್ನೂ ಬಿಡಿಬಿಡಿಯಾಗಿ ತಂದು ಜೋಡಿಸುವ ವ್ಯವಸ್ಥೆ ನೋಡಲು ಸುಂದರ, ಆದರೆ ಕಾಲಕಾಲಕ್ಕೆ ನೀರು ಬದಲಿಸಬೇಕು, ತಾಮ್ರದ ಬ್ಲಾಕ್ ಜೊತೆ ಅಲ್ಯುಮಿನಿಯಂ ರೇಡಿಯೇಟರ್ ಬೆರೆಸಿದರೆ ಲೋಹ ಸವೆಯುತ್ತದೆ. ರೆಂಡರ್ ಕೆಲಸದ ಯಂತ್ರಕ್ಕೆ ಆ ಹೊಣೆ ಬೇಡ. ಕೊಳ್ಳುವ ಮುನ್ನ ಕ್ಯಾಬಿನೆಟ್ ಅಳೆಯಿರಿ. ಸಾಮಾನ್ಯ ರೇಡಿಯೇಟರ್ 27 ಮಿಲಿಮೀಟರ್, ಫ್ಯಾನ್ 25 ಮಿಲಿಮೀಟರ್ ದಪ್ಪ ಇರುವುದರಿಂದ ಮೇಲ್ಭಾಗದಲ್ಲಿ ಕೂರಿಸಲು ಕನಿಷ್ಠ 52 ಮಿಲಿಮೀಟರ್ ಜಾಗ ಬೇಕು, ಎತ್ತರದ ರ‍್ಯಾಮ್ ಇದ್ದರೆ ಅದಕ್ಕೂ ತಾಗಬಾರದು.

ಜೋಡಿಸುವಾಗ ಎಲ್ಲಕ್ಕಿಂತ ಮುಖ್ಯವಾದದ್ದು ಪಂಪ್ ಇರುವ ಎತ್ತರ. ಮುಚ್ಚಿದ ವ್ಯವಸ್ಥೆಯಲ್ಲೂ ಸ್ವಲ್ಪ ಗಾಳಿ ಇದ್ದೇ ಇರುತ್ತದೆ, ವರ್ಷಗಳು ಕಳೆದಂತೆ ಕೊಳವೆಯ ಮೂಲಕ ನೀರು ಸೂಕ್ಷ್ಮವಾಗಿ ಆವಿಯಾಗಿ ಆ ಗಾಳಿ ಹೆಚ್ಚುತ್ತದೆ, ಮತ್ತು ಅದು ಯಾವಾಗಲೂ ಅತಿ ಎತ್ತರದ ಜಾಗಕ್ಕೆ ಹೋಗಿ ಸೇರುತ್ತದೆ. ಆ ಜಾಗ ರೇಡಿಯೇಟರ್‌ನ ಮೇಲಿನ ತುದಿಯಾಗಿರಬೇಕೇ ಹೊರತು ಪಂಪ್ ಆಗಿರಬಾರದು. ಆದ್ದರಿಂದ ರೇಡಿಯೇಟರ್ ಅನ್ನು ಮೇಲ್ಭಾಗದಲ್ಲಿ ಕೂರಿಸುವುದು ಒಳ್ಳೆಯದು; ಮುಂಭಾಗದಲ್ಲಾದರೆ ಅದರ ಮೇಲಿನ ಅಂಚು ಪಂಪ್‌ಗಿಂತ ಎತ್ತರದಲ್ಲಿರಲಿ, ಕೊಳವೆಗಳು ಕೆಳಗಿನಿಂದ ಹೊರಡಲಿ; ಕ್ಯಾಬಿನೆಟ್‌ನ ತಳದಲ್ಲಂತೂ ಬೇಡವೇ ಬೇಡ. ಎಎಂ5 ಬೋರ್ಡಿನ ಹಿಂಬದಿಯ ಲೋಹದ ಪಟ್ಟಿ ಸಾಕೆಟ್ ಅನ್ನೂ ಹಿಡಿದಿರುವುದರಿಂದ ಅದನ್ನು ಮುಟ್ಟಬೇಡಿ, ಮುಂಬದಿಯ ಎರಡು ಪ್ಲಾಸ್ಟಿಕ್ ಕೊಂಡಿಗಳನ್ನು ಮಾತ್ರ ಬಿಚ್ಚಬೇಕು. ತಾಮ್ರದ ತಳಕ್ಕೆ ಅಂಟಿಸಿರುವ ರಕ್ಷಣಾ ಹಾಳೆಯನ್ನು ತೆಗೆದಿದ್ದೀರೋ ಇಲ್ಲವೋ ಎಂದು ಕಣ್ಣಾರೆ ನೋಡಿಕೊಂಡು, ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಮಾಡಿ. ಪಂಪ್‌ನ ತಂತಿಯನ್ನು ಸದಾ ಪೂರ್ಣ ವೇಗ ಕೊಡುವ ಪಿನ್‌ಗೆ ಜೋಡಿಸಿ; ರೇಡಿಯೇಟರ್ ಫ್ಯಾನ್‌ಗಳು ಮಾತ್ರ ನಿಧಾನವಾಗಿ ಏರಿಳಿಯುವಂತೆ ಬಯೋಸ್‌ನಲ್ಲಿ ಹೊಂದಿಸಿದರೆ ನೀರಿನ ನಿಜವಾದ ಪ್ರಯೋಜನವಾದ ನಿಶ್ಶಬ್ದ ನಿಮಗೆ ದಕ್ಕುತ್ತದೆ.

ಸೋರಿಕೆಯ ಭಯಕ್ಕೆ ಬರುವುದಾದರೆ, ಅದು ಅಪರೂಪ, ಅಸಾಧ್ಯವಲ್ಲ. ಸೋರಿದರೆ ಹನಿ ಬೀಳುವುದು ಕೆಳಗಿರುವ ಗ್ರಾಫಿಕ್ಸ್ ಕಾರ್ಡ್ ಮೇಲೆ. ಸೋರಿಕೆಯಿಂದ ಹಾಳಾದ ಇತರ ಭಾಗಗಳಿಗೂ ಪರಿಹಾರ ಕೊಡುತ್ತೇವೆ ಎಂದು ವಾರಂಟಿಯಲ್ಲಿ ಸ್ಪಷ್ಟವಾಗಿ ಬರೆದಿರುವ ಮಾದರಿಯನ್ನೇ ಆರಿಸಿ. ಸೋರಿಕೆಗಿಂತ ಹೆಚ್ಚು ಸಂಭವನೀಯವಾದದ್ದು ಪಂಪ್ ನಿಲ್ಲುವುದು. ಕೆಲಸವಿಲ್ಲದೆ ಕುಳಿತ ಯಂತ್ರವೂ ಸದಾ ಬಿಸಿಯಾಗಿದ್ದು, ಹೊರೆ ಬಿದ್ದ ಕ್ಷಣದಲ್ಲೇ 95 ಮುಟ್ಟಿ, ರೇಡಿಯೇಟರ್ ಮಾತ್ರ ತಣ್ಣಗೇ ಇದ್ದರೆ ನೀರು ಹರಿಯುತ್ತಿಲ್ಲ ಎಂದು ತಿಳಿಯಿರಿ. ಪ್ರೊಸೆಸರ್ ತಾನಾಗಿಯೇ ವೇಗ ತಗ್ಗಿಸಿ ತನ್ನನ್ನು ಕಾಪಾಡಿಕೊಳ್ಳುತ್ತದೆ, ಆದರೆ ನಿಮ್ಮ ಕೆಲಸ ಅಲ್ಲಿಗೆ ನಿಲ್ಲುತ್ತದೆ. ಹಾಗಾಗಿ ಈಗಿನ ಏರ್ ಕೂಲರ್ ಅನ್ನು ಅದರ ಸ್ಕ್ರೂಗಳ ಸಮೇತ ಎತ್ತಿಟ್ಟುಕೊಳ್ಳಿ.

ರೆಂಡರ್ ಸಮಯದ ಪಿಪಿಟಿ ಮತ್ತು ವೇಗ, ಬಾಗಿಲು ತೆಗೆದಾಗ ಆದ ಬದಲಾವಣೆ, ಕ್ಯಾಬಿನೆಟ್‌ನ ಮಾದರಿ ಇಷ್ಟನ್ನು ಇಲ್ಲಿ ತಿಳಿಸಿದರೆ ನಿಮಗೆ ಯಾವ ಅಳತೆಯ ರೇಡಿಯೇಟರ್ ಹೊಂದುತ್ತದೆ, ಅಥವಾ ಅದರ ಅಗತ್ಯವೇ ಇಲ್ಲವೇ ಎಂಬುದನ್ನು ಇನ್ನಷ್ಟು ಖಚಿತವಾಗಿ ಹೇಳಬಲ್ಲೆ.